ಕ್ಯಾಪಿಗೆ ಅರ ಹಾಕಿದ ಭಾವ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಹೆಂಡತಿಯ ಅಣ್ಣನೂ ವಾಮದಪದವಿನಲ್ಲಿ ಒಟ್ಟಿಗೆ ಗ್ಯಾರೇಜು ನಡೆಸುತ್ತಿದ್ದೆವು. ಶೆಡ್ಡು ಅವನದು, ರಿಪೇರಿಯ ಸಾಮಾನೆಲ್ಲ ನನ್ನದು. ಕೆಲಕಾಲ ದುಬೈಯಲ್ಲಿದ್ದು ಬಂದ ಅವನು ನಾನು ಹೇಳಿದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದ. ಪರಸ್ಪರ ‘ಭಾವ’ ಎಂದೇ ಕರೆದುಕೊಳ್ಳುತ್ತಿದ್ದೆವು, ಬೈಯುವಾಗಲೂ.

ಒಂದು ದಿನ ಕೊಕ್ಕಡದ ರಬ್ಬರ್ ಬೆಳೆಗಾರರೊಬ್ಬರು ಕಾರು ತಂದರು. ಇಂಜಿನಿನ ಮೇಲ್ಭಾಗದಲ್ಲಿ ಟಕಟಕ ಸದ್ದು; ಗಾಡಿ ನಿಲ್ಲಿಸಿ ಇಂಜಿನು ಚಾಲೂ ಇಟ್ಟರೆ ಆಯಿಲ್ ದೀಪ ಮಿನುಗುತ್ತಿತ್ತು. ಬಿಚ್ಚಿ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಹೊರತೆಗೆದೆ. ಇಂಜಿನಿನ ಮುಚ್ಚಳದಂತಿರುವ ಹೆಡ್ಡಿನ ತೂತುಗಳಲ್ಲಿ ಶಾಫ್ಟು ಕೂತು ತಿರುಗುವ ಭಾಗಗಳೇ ಜರ್ನಲ್. ಕನ್ನಡಿಯಂತೆ ನುಣುಪಾಗಿರಬೇಕಿದ್ದ ಅವುಗಳಲ್ಲಿ ಹಿಂದಿನ ಎರಡರ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಮೈಕ್ರೋಮೀಟರ್ ಹಿಡಿದರೆ ಒಂದೊಂದು ಮಗ್ಗುಲಿಗೆ ಒಂದೊಂದು ಅಳತೆ. ಹೆಡ್ಡಿನ ತೂತೂ ಸವೆದಿತ್ತು.

“ಮಂಗಳೂರಿಗೆ ಕೊಂಡುಹೋಗುವ. ಶಾಫ್ಟಿಗೆ ಲೋಹ ತುಂಬಿಸಿ ಗ್ರೈಂಡ್ ಮಾಡಿಸ್ಬೇಕು” ಎಂದೆ.

ಭಾವ ನಕ್ಕ. ತೂತಿನ ಮೇಲಿನ ಅರ್ಧವಾಗಿ ಶಾಫ್ಟನ್ನು ಒತ್ತಿ ಹಿಡಿಯುವ ಕ್ಯಾಪುಗಳನ್ನು ತೋರಿಸಿ, “ಇದರ ಅಡಿಗೆ ಅರ ಹಾಕಿ ಸ್ವಲ್ಪ ಉಜ್ಜಿ ತಗ್ಗಿಸಿದ್ರೆ ಬಿಗಿ ಆಗ್ತದೆ” ಎಂದ.

“ತೂತು ಮೊಟ್ಟೆ ಹಾಗೆ ಆಗ್ತದೆ. ಶಾಫ್ಟ್ ಕಚ್ಚಿಕೊಳ್ತದೆ.”

“ನಿಮಗೆ ಅಳೆಯುವುದೊಂದು ಗೊತ್ತುಂಟು ಭಾವ.”

ಮರುದಿನ ನಾನು ಬರುವಷ್ಟರಲ್ಲಿ ಅರ ಹಾಕಿ ಮುಗಿಸಿದ್ದ. ನೋಡುವ ಎಂದು ಶಾಫ್ಟ್ ಕೂರಿಸಿ ಕ್ಯಾಪು ಬಿಗಿದೆ. ತಿರುಗಿಸಿದರೆ ಶಾಫ್ಟು ಅಲ್ಲಾಡಲೇ ಇಲ್ಲ. ಕಾರಿನ ಯಜಮಾನರು ಎದುರೇ ನಿಂತಿದ್ದರು. ಸ್ಪಾನರನ್ನು ನೆಲಕ್ಕೆ ಬಿಸಾಡಿದೆ.

“ಯಾರನ್ನು ಕೇಳಿ ಮುಟ್ಟಿದ್ದು?”

“ನನ್ನ ಶೆಡ್ಡಿನಲ್ಲಿ ನಾನು ಯಾರನ್ನು ಕೇಳ್ಬೇಕು?”

“ನಿಮ್ಮ ಜಗಳ ಆಮೇಲೆ ಮಾಡಿ ಮಾರಾಯ್ರೆ,” ಯಜಮಾನರು ರೇಗಿದರು, “ನನ್ನ ಕಾರಿನ ಗತಿ ಎಂತದು?”

ಹೆಡ್ಡು, ಶಾಫ್ಟು ಹಿಡಿದುಕೊಂಡು ಅವರ ಜೊತೆ ಮಂಗಳೂರಿನ ಲೇತ್ ಅಂಗಡಿಗೆ ಹೋದೆ. ಹೆಡ್ಡು ಹಾಳಾಗಿದೆಯೆಂದು ಲೇತಿನವನು ಹೇಳಲಿ, ಅದನ್ನು ಭಾವನ ಮುಖಕ್ಕೆ ಎಸೆಯಬೇಕು ಎಂದು ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಲೇತಿನವನು ಕ್ಯಾಪುಗಳನ್ನು ತಿರುಗಿಸಿ ನೋಡಿದ.

“ಅರ ಹಾಕಿದ್ದು ಯಾರು? ಒಳ್ಳೆ ಸಮ ಉಂಟು. ಹೇಗೂ ಕ್ಯಾಪ್ ತಗ್ಗಿಸಿಯೇ ತೂತನ್ನು ಪುನಃ ದುಂಡಗೆ ಕೊರೆದು ಬೋರ್ ಮಾಡ್ಬೇಕಲ್ಲ, ನನ್ನ ಅರ್ಧ ಕೆಲಸ ಆಯ್ತು.”

ಯಜಮಾನರು ನನ್ನನ್ನೇ ನೋಡಿದರು. ನನ್ನ ಕಿವಿ ಬಿಸಿಯಾಯಿತು.

ತೂತು ಮೊದಲಿನ ಅಳತೆಗೆ ಬಂತು, ಜರ್ನಲುಗಳು ಹೊಳೆದವು. ಜೋಡಿಸಿದ ಮೇಲೆ ಶಾಫ್ಟು ಬೆರಳಲ್ಲಿ ತಿರುಗಿತು, ಸದ್ದೂ ಹೋಯಿತು. ಯಜಮಾನರು ಅಷ್ಟಕ್ಕೇ ಕಾರು ಕೊಂಡುಹೋಗಬಹುದಿತ್ತು; ಆದರೆ ಲೇತಿನವನ ಮಾತನ್ನು ಭಾವನಿಗೆ ಒಂದಕ್ಷರ ಬಿಡದೆ ಒಪ್ಪಿಸಿದರು.

“ಕೇಳಿದ್ರಾ ಭಾವ?” ಅವನು ನನ್ನ ಕಡೆ ತಿರುಗಿದ.

“ಬೋರ್ ಮಾಡಿಸದಿದ್ರೆ ಹೆಡ್ಡು ಗುಜರಿಗೆ ಹೋಗ್ತಿತ್ತು!” ಎಂದೆ.

ಅವನು ನಗುತ್ತಲೇ ಇದ್ದ. ನಾನು ಅಂದೇ ಸಾಮಾನನ್ನೆಲ್ಲ ಜೀಪಿಗೆ ತುಂಬಿದೆ. ವೇಣೂರಿನಲ್ಲಿ ಒಂದು ಕೋಣೆ ಹಿಡಿದು ಬೇರೆ ಗ್ಯಾರೇಜು ಮಾಡಿದೆ.

“ಯಾರು ಸರಿ ಅಂತ ನನಗೆ ಹೇಳುವುದು ಬೇಡ,” ಹೆಂಡತಿ ಎಂದಳು, “ಅಣ್ಣನ ಮನೆಗೆ ನಾನು ಹೋಗ್ತೇನೆ.”

ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ಅವನು ಹೇಗಿದ್ದಾನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.