ಬೀರುವಿನೊಳಗಿನ ಧ್ವನಿ

ನಮ್ಮ ಭಾವನ ಕಚೇರಿ ಬಟ್ಟೆಯ ಬೀರು. ತಮಾಷೆಗೆ ಹೇಳುತ್ತಿಲ್ಲ. ನೇತುಹಾಕಿದ ಕೋಟು, ಕಂಬಳಿಗಳ ನಡುವೆ ಒಂದು ಸ್ಟೂಲು, ಒಂದು ಮೈಕು, ಒಂದು ಪುಟ್ಟ ದೀಪ. ಬಾಗಿಲು ಹಾಕಿಕೊಂಡು ಒಳಗೆ ಕುಳಿತರೆಂದರೆ ಮುಲಾಮು, ಸಿಮೆಂಟು, ಸೀಲಿಂಗ್ ಫ್ಯಾನು, ಯಾವುದರ ಜಾಹೀರಾತಿಗೆ ಬೇಕಾದರೂ ಎದೆ ನಡುಗಿಸುವ ಧ್ವನಿ ಕೊಡುತ್ತಾರೆ. ಹೊರಗೆ ಬಂದರೆ ಮಾತ್ರ ಅದೇ ಗಂಟಲಿನಿಂದ ಸಣ್ಣ, ಸಂಕೋಚದ ದನಿ ಹೊರಡುತ್ತದೆ. ಊಟಕ್ಕೆ ಕುಳಿತಾಗ ಉಪ್ಪು ಬೇಕೆಂದರೆ ಅಕ್ಕನಿಗೆ ಕೇಳಿಸುವುದೇ ಇಲ್ಲ. ಕೊನೆಗೆ ತಾವೇ ಎದ್ದು ತಂದುಕೊಳ್ಳುತ್ತಾರೆ.

ಅವರ ಕಸುಬಿನಲ್ಲೊಂದು ಪದ್ಧತಿ. ಕೈಗೆ ಬಂದ ಹಾಳೆಯಲ್ಲಿ ಎಲ್ಲಿ ಉಸಿರೆಳೆಯಬೇಕು, ಎಲ್ಲಿ ಒತ್ತಬೇಕು ಎಂದು ಕೆಂಪು ಗೀಟು ಹಾಕುತ್ತಾರೆ. ಅರ್ಥದ ತಂಟೆಗೆ ಹೋಗುವುದಿಲ್ಲ. "ಅರ್ಥ ಮಾಡ್ಕೊಂಡ್ರೆ ನಗು ಬರತ್ತೆ, ಇಲ್ಲಾ ಸಿಟ್ಟು ಬರತ್ತೆ. ಎರಡೂ ಮೈಕಿಗೆ ಆಗಲ್ಲ," ಎನ್ನುತ್ತಾರೆ. ಇತ್ತೀಚೆಗೆ ಯಾವುದೋ ಕಂಪನಿ ಕಂತೆ ಕಂತೆ ಹಾಳೆ ಕಳಿಸುತ್ತಿತ್ತು. ಓದಿ ಬೀರುವಿನಿಂದ ಹೊರಬಂದ ಮೇಲೆ ಓದಿದ್ದೇನೆಂದು ಅವರಿಗೇ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ನಮ್ಮಮ್ಮನ ಮಂಡಿ ಕೈಕೊಟ್ಟಿತು. ಅಮ್ಮ ಇರುವುದು ಅಕ್ಕನ ಮನೆಯಲ್ಲೇ, ನಾಲ್ಕನೆಯ ಮಹಡಿ. ಸಂಜೆ ಲಿಫ್ಟಿನಲ್ಲಿ ಇಳಿದು, ಕೆಳಗಿನ ಟೈಲರಮ್ಮನ ಅಂಗಡಿಯಲ್ಲಿ ಕುಳಿತು ಬೀದಿಯ ಸುದ್ದಿಯೆಲ್ಲ ಬಾಚಿಕೊಂಡು ಬರದಿದ್ದರೆ ಅವಳಿಗೆ ನಿದ್ದೆ ಹತ್ತದು. ಕರೆಂಟು ಹೋಗುವುದು ಹೆಚ್ಚಾಗಿ, ಲಿಫ್ಟು ನಿಂತು ನಿಂತು, ಅಮ್ಮ ಮನೆಯಲ್ಲೇ ಸೆರೆಯಾದಳು. ಕಿಟಕಿಯಿಂದ ಕೆಳಗೆ ನೋಡುತ್ತ ಕುಳಿತ ಅವಳನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ಭಾವನಿಗೂ ಆಯಿತು. ತಾರಸಿಯ ಮೇಲೆ ಸೋಲಾರ್ ಹಾಕಿಸಿ, ಬ್ಯಾಟರಿಯಿಂದ ಲಿಫ್ಟು ಓಡಿಸೋಣ ಎಂದು ಮನೆಮನೆಗೂ ಹೋಗಿ ಕೇಳಿಕೊಂಡರು.

ಮೊದಲು ಬೇಡವೆಂದವಳು ಅಮ್ಮನೇ.

"ನಿಮಗೆ ಗೊತ್ತಿಲ್ಲ ಅಳಿಯಂದ್ರೆ. ಬಿಸಿಲು ನಂಬಿದ ದೇಶ ಕತ್ತಲಲ್ಲಿ ಕೂರತ್ತಂತೆ. ಗಡಿಯಾಚೆಯಿಂದ ಬರೋ ಗ್ಯಾಸೊಂದೇ ಗಟ್ಟಿಯಂತೆ. ಇವರು ಎಷ್ಟು ಚೆನ್ನಾಗಿ ಹೇಳ್ತಾರೆ, ನೀವೇ ಕೇಳಿ," ಎಂದು ಫೋನು ಮುಂದೆ ಹಿಡಿದಳು.

ಫೋನಿನ ವಿಡಿಯೊದಲ್ಲಿ ಗಂಭೀರ ದನಿಯೊಂದು ನಮ್ಮ ಇಂಧನ ಭದ್ರತೆಗಾಗಿ ಕಳವಳಪಡುತ್ತಿತ್ತು. ಭಾವನ ಮುಖ ಬಿಳಿಚಿಕೊಂಡಿತು. 'ಕತ್ತಲು' ಎನ್ನುವ ಮುಂಚೆ ಎಳೆದ ಉಸಿರು ಅವರದೇ! ಮೂರನೆಯ ಮಹಡಿಯ ದಂತವೈದ್ಯರ ಫೋನಿನಲ್ಲೂ ಅದೇ ದನಿ, ಕಟ್ಟಡದ ಕಾರ್ಯದರ್ಶಿಯ ಫೋನಿನಲ್ಲೂ ಅದೇ. ಹಾಳೆ ಕಳಿಸುತ್ತಿದ್ದ ಕಂಪನಿಯವರು ಫೋನೇ ಎತ್ತಲಿಲ್ಲ. ಆ ವಾರವೇ ಪತ್ರಿಕೆಯಲ್ಲಿ ಬಂತು: ಆ ವಿಡಿಯೊಗಳನ್ನು ಮಾಡಿಸಿ ಹಂಚುತ್ತಿರುವುದು ನಮಗೆ ಗ್ಯಾಸು ಮಾರುವ ನೆರೆದೇಶದ ಸರ್ಕಾರ.

ಸಭೆ ಸೇರಿದ್ದು ಕೆಳಗೆ, ಪಾರ್ಕಿಂಗ್ ಜಾಗದಲ್ಲಿ. ಪುಣ್ಯಕ್ಕೆ ಕರೆಂಟಿತ್ತು, ಅಮ್ಮ ಲಿಫ್ಟಿನಲ್ಲಿ ಇಳಿದು ಮುಂದಿನ ಕುರ್ಚಿಯನ್ನೇ ಹಿಡಿದಳು. ಭಾವ ಪತ್ರಿಕೆ ತೋರಿಸಿದರು.

"ಪೇಪರಿನವರು ಏನು ಬೇಕಾದ್ರೂ ಬರೀತಾರೆ," ಎಂದರು ದಂತವೈದ್ಯರು.

ಭಾವನಿಗೆ ಬೇರೆ ದಾರಿ ಕಾಣಲಿಲ್ಲ. "ಆ ದನಿ ನಂದು ಕಣ್ರೀ. ನಾನೇ ಬೀರೂಲಿ ಕೂತು ಓದಿದ್ದು. ತಪ್ಪಾಯ್ತು."

ಎಲ್ಲರೂ ಮುಖ ಮುಖ ನೋಡಿಕೊಂಡು ನಕ್ಕರು. "ಅವರೆಲ್ಲಿ, ನೀವೆಲ್ಲಿ!"

ಭಾವ ಗಂಟಲು ಸರಿಮಾಡಿಕೊಂಡು ಆ ದನಿ ತೆಗೆದರು: "ಬಿಸಿಲನ್ನು ನಂಬಿದ ದೇಶ..." ಗಲಾಟೆಯೆಲ್ಲ ಗಪ್‌ಚಿಪ್ ಆಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಥೇಟ್ ಅವರ ಹಾಗೇ! ನೀವು ಮಿಮಿಕ್ರಿ ಮಾಡ್ತೀರಂತ ಗೊತ್ತೇ ಇರ್ಲಿಲ್ವಲ್ಲ," ಎಂದು ಕಾರ್ಯದರ್ಶಿ ಬೆನ್ನು ತಟ್ಟಿದರು. ಸೋಲಾರ್ ಬೇಡವೆಂದು ಕೈಗಳೆದ್ದವು. ಎಲ್ಲಕ್ಕಿಂತ ಮೇಲೆ ಅಮ್ಮನ ಕೈ.

ಕುರ್ಚಿ ಮಡಚುವಷ್ಟರಲ್ಲಿ ಕರೆಂಟು ಹೋಯಿತು. ಕಾದರೂ ಬರಲಿಲ್ಲ. ಭಾವ ಅಮ್ಮನ ಕೈಯನ್ನು ತಮ್ಮ ಭುಜದ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿಸತೊಡಗಿದರು. ಅವಳ ಊರುಗೋಲು ಹಿಡಿದು ಹಿಂದೆ ನಾನು. ಮೊದಲ ಮಹಡಿಗೆ ಬರುವಷ್ಟರಲ್ಲಿ ಅಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. "ನನ್ನ ಕೈಲಾಗಲ್ಲ," ಎಂದು ಅತ್ತಳು. ಅಷ್ಟು ಹೊತ್ತು ಅವಳ ಮೇಲೆ ಕುದಿಯುತ್ತಿದ್ದ ನನಗೂ ಅಳು ಬಂತು.

"ಇನ್ನು ಸ್ವಲ್ಪವೇ ಅತ್ತೆ," ಎಂದರು ಭಾವ, ತಮ್ಮ ಸಣ್ಣ ದನಿಯಲ್ಲಿ.

"ಸುಮ್ನಿರಿ, ಎಷ್ಟಿದೆ ಅಂತ ನನಗೆ ಗೊತ್ತಿಲ್ವಾ?"

ಭಾವ ಉಸಿರೆಳೆದು, ಆ ಇನ್ನೊಂದು ದನಿಯಲ್ಲಿ, "ಇನ್ನೇನು, ಬಂದೇ ಬಿಟ್ಟಿತು," ಎಂದರು.

ಇನ್ನೂ ಮೂರು ಮಹಡಿಯಿತ್ತು.

"ಹೌದಾ?" ಎಂದು ಅಮ್ಮ ಕಣ್ಣೊರೆಸಿಕೊಂಡು ಕಾಲು ಎತ್ತಿಟ್ಟಳು.