ಅಕ್ಕಿ ಅಂಗಡಿಯಿಂದ ಹಡಗಿಗೆ: ಬಿಟ್ಟುಹೋದ ಪುಟ

ಕೊರಿಯಾದ ಆ ದೈತ್ಯ ಕಂಪನಿ ಶುರುವಾದದ್ದು ಒಂದು ಅಕ್ಕಿ ಅಂಗಡಿಯಿಂದ ಎಂಬ ಒಂದೇ ಸಾಲಿಗೆ, ಸೇಡಂನಲ್ಲಿದ್ದ ನಮ್ಮ ಅಕ್ಕನ ಬೇಳೆ ಅಂಗಡಿ ಕೈಬಿಟ್ಟು ಹೋಗುವುದರಲ್ಲಿತ್ತು. ಆ ಸಾಲನ್ನು ಓದಿ ಹೇಳಿದವನು ನಾನೇ.

ಶಹಾಬಾದಿನ ಫರ್ಸಿ ಹಾಸುಗಲ್ಲಿನ ಗಣಿಗಳಿಗೆ ಬಾಡಿಗೆಗೆ ಬಿಡಲು ಭಾವನಿಗೆ ನೆಲ ಅಗೆಯುವ ದೊಡ್ಡ ಮಷಿನ್ ಬೇಕಿತ್ತು. ಅಂಗಡಿ ಮಾರಿದರೆ ಮಷಿನ್ ಬರುತ್ತಿತ್ತು. ಕೊಳ್ಳುವವರು ಮರುದಿನ ಚಿತ್ತಾಪುರದಿಂದ ಬರುವವರಿದ್ದರು. ಆದರೆ ಅಂಗಡಿ ಅಕ್ಕನ ಹೆಸರಿನಲ್ಲಿತ್ತು, ಅವಳು ಹೂಂ ಅನ್ನಬೇಕಿತ್ತು. ಹಾಗಾಗಿ ಭಾವ ವಾಡಿಯ ನನ್ನ ಮನೆಗೆ ಬಂದರು. ಕೈಯಲ್ಲಿ ಮಷಿನ್ ಮಾರುವವರು ಕೊಟ್ಟಿದ್ದ ಪುಸ್ತಕ, ಮಷಿನ್ ಮಾಡುವ ಆ ಕೊರಿಯಾ ಕಂಪನಿಯ ಚರಿತ್ರೆ, ಇಂಗ್ಲಿಷಿನಲ್ಲಿ. ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು, ಯಾವುದನ್ನು ಜೋರಾಗಿ ಓದಬೇಕೆಂದು ಸೇಡಂವರೆಗೂ ಪಾಠ ಹೇಳಿದರು. ಆಗ ಮಧ್ಯಾಹ್ನ. ಸಂಜೆಯೂ ಇದ್ದೀತು, ಬರೆಯುವಾಗ ಗಿರಾಕಿಗಳಿಲ್ಲದ ಅಂಗಡಿಗೆ ಮಧ್ಯಾಹ್ನ ಹೊಂದುತ್ತದೆ, ಅಷ್ಟೆ.

ಅಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಓದುತ್ತ ಕನ್ನಡ ಮಾಡುತ್ತ ಹೋದೆ. ಊರು ಬಿಟ್ಟು ಓಡಿಬಂದ ರೈತನ ಮಗ ಅಕ್ಕಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ, ಮಾಲೀಕ ನಂಬಿ ಅಂಗಡಿಯನ್ನೇ ಒಪ್ಪಿಸಿದ. ಆಮೇಲೆ ಮೋಟಾರು ರಿಪೇರಿ, ರಸ್ತೆ, ಸೇತುವೆ, ಕಾರು. ಹಡಗು ಕಟ್ಟುವ ಜಾಗ ಸಿದ್ಧವಾಗುವ ಮೊದಲೇ ಹಡಗು ಮಾರಿದರಂತೆ. ಇಂಥ ಚರಿತ್ರೆಗಳಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರೂ ಹೆಂಡತಿಯನ್ನು ಕೇಳುವುದಿಲ್ಲ. ಅಕ್ಕಿ ಬಿಟ್ಟಿದ್ದಕ್ಕೇ ಹಡಗಾಯಿತು ನೋಡು ಎಂದು ಭಾವ ತೊಡೆ ತಟ್ಟಿದರು.

ಅಕ್ಕ ಮೊರ ಕೆಳಗಿಟ್ಟಳು.

"ತಮ್ಮಾ, ಎರಡು ಹಾಳಿ ಒಮ್ಮಿಗೇ ತಿರುವಿದಿ. ನಡುವಿಂದು ಓದು."

"ಅದರಾಗ ಏನಿಲ್ಲ, ಬರೇ ಫೋಟೋ ಅವ," ಎಂದರು ಇಂಗ್ಲಿಷ್ ಓದಲು ಬಾರದ ಭಾವ.

ಬೇಕೆಂದೇ ಬಿಟ್ಟೆನೋ, ಹಾಳೆಗಳೇ ಅಂಟಿಕೊಂಡಿದ್ದವೋ. ಅಂಟಿಕೊಂಡಿದ್ದವು ಎಂದು ಮೊದಲು ಬರೆದಿದ್ದೆ, ಈಗ ಹೊಡೆದುಹಾಕಿದ್ದೇನೆ. ಹೊಸ ಪುಸ್ತಕದ ನುಣುಪು ಹಾಳೆಗಳು ಅಷ್ಟು ಅನುಕೂಲಕ್ಕೆ ಅಂಟುವುದಿಲ್ಲ.

ನಡುವಿನ ಪುಟದಲ್ಲಿ ಯುದ್ಧವಿತ್ತು. ಅಕ್ಕಿಗೆ ರೇಷನ್ ಬಂತು, ಅಂಗಡಿ ಮುಚ್ಚಿತು, ಅವನು ಊರಿಗೆ ವಾಪಸಾದ.

"ಅಂದ್ರ ಅವ ತಾನಾಗೇ ಮುಚ್ಚಲಿಲ್ಲ," ಎಂದಳು ಅಕ್ಕ. "ಸರಕಾರ ಮುಚ್ಚಿಸ್ತು. ನಂದು ಯಾರ್ ಮುಚ್ಚಸ್ಲಿಕತ್ತಾರ? ಇವ್ರು, ಮತ್ತ ನೀ."

ನಾನು ಪುಸ್ತಕ ಮಡಚಿದೆ. ಅಷ್ಟು ಮಷಿನ್ ಹುಚ್ಚಿದ್ದರೆ ಆ ರೈತನ ಮಗನ ಹಾಗೇ ಮೊದಲು ಇನ್ನೊಬ್ಬರ ಕೈಕೆಳಗೆ ಕಲಿಯಲಿ, ಅಂಗಡಿ ಮಾತ್ರ ಕೊಡುವುದಿಲ್ಲ ಎಂದು ಅವಳು ಭಾವನಿಗೆ ಹೇಳಬೇಕಾದ್ದನ್ನು ನನಗೆ ಹೇಳಿದಳು. ಭಾವ ಅಂದು ಊಟ ಮಾಡಲಿಲ್ಲ. ಮಾಡಿದರು, ತಡವಾಗಿ.

ಮರುದಿನ ಚಿತ್ತಾಪುರದವರು ಗೋಡೆ ಅಳೆಯಲು ಟೇಪು ಹಿಡಿದೇ ಬಂದರಂತೆ. ಅಕ್ಕ ಅವರನ್ನು ಕುಂದ್ರಿ ಎಂದು ಕೂರಿಸಿ, ಚಹಾ ಕುಡಿಸಿ, ಎರಡು ಕಿಲೋ ಬೇಳೆ ಮಾರಿ ಕಳಿಸಿದಳು. ತೂಗಿಕೊಟ್ಟವರು ಭಾವ. ನಾನು ಅಲ್ಲಿರಲಿಲ್ಲ, ಇದು ಅಕ್ಕ ಹೇಳಿದ್ದು. ಭಾವನನ್ನು ಕೇಳಿದರೆ ಐದು ಕಿಲೋ ಅನ್ನುತ್ತಾರೆ.