ನರ್ಸರಿ ತರಬೇತಿ

ಇದನ್ನು ಹೇಳುವುದನ್ನು ನಾನು ಎರಡು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲು ಮಂಡಿ ನೋವು ಎಂದೆ. ಆಮೇಲೆ ಕಣ್ಣಿನ ಆಪರೇಷನ್ ಎಂದೆ. ಕಣ್ಣು ಸರಿಹೋದ ಮೇಲೆ, ಮನೆಯಲ್ಲಿ ಒಂದು ಒಳ್ಳೆಯ ಪೆನ್ನು ಸಿಗುವುದಿಲ್ಲ ಎಂದೆ. ಎಸ್‌ಎಸ್‌ಎಲ್‌ಸಿ ಪಾಸಾದವನಿಗೆ ನೆಪ ಹುಡುಕುವಷ್ಟು ವಿದ್ಯೆ ಇದ್ದೇ ಇರುತ್ತದೆ.

ನಮ್ಮದು ತುಮಕೂರು ರಸ್ತೆಯ ಮಾಕಳಿ. ಅಪ್ಪ ರಾಗಿ ಬೆಳೆಯುತ್ತಿದ್ದ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಮುದುಕನಾದೆ. ಅಪ್ಪನ ಹೊಲ ಇದ್ದ ಜಾಗದಲ್ಲಿ ಈಗ ಎರಡು ಸಾಲು ಬಾಡಿಗೆ ರೂಮುಗಳಿವೆ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರು ಅವುಗಳಲ್ಲಿದ್ದಾರೆ. ಅವರು ಬೆಳಕು ಹರಿಯುವ ಮೊದಲೇ ಶೆಡ್ಡುಗಳಿಗೆ ಹೋಗುತ್ತಾರೆ. ಊರಿನವರಾದ ನಾವು ಟೀ ಅಂಗಡಿ ಮುಂದೆ ಕೂತು ನಾವು ರೈತರು ಎಂದು ಹೇಳಿಕೊಳ್ಳುತ್ತೇವೆ. ಪಹಣಿಯಲ್ಲಿ ಹೆಸರಿದ್ದರೆ ಸಾಕು. ಗುದ್ದಲಿ ಹಿಡಿದು ಎಷ್ಟು ವರ್ಷವಾಯಿತು ಎಂದು ಯಾರೂ ಕೇಳುವುದಿಲ್ಲ.

ಇಂಥ ನಮ್ಮನ್ನು ಹುಡುಕಿಕೊಂಡು ಒಂದು ಕಂಪನಿಯವರು ಬಂದರು. ಗ್ರಾಮೀಣ ಕುಟುಂಬಗಳಿಗೆ, ರೈತರಿಗೆ ಶಿಕ್ಷಣ ಕೊಡುತ್ತಾರಂತೆ. ಹೆದ್ದಾರಿಯಿಂದ ನಮ್ಮ ಊರಿಗೆ ತಿರುಗುವಾಗ ಎರಡೂ ಕಡೆ ಗೋಡೌನು, ಪೌಡರ್ ಕೋಟಿಂಗ್ ಶೆಡ್ಡು, ಲಾರಿ ತೂಗುವ ವೇಬ್ರಿಡ್ಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವರಿಗೆ ಅದು ಕಂಡರೂ ಬೇಡವಾಗಿತ್ತೋ, ಕಾರಿನ ಗಾಜು ಕಪ್ಪಾಗಿತ್ತೋ. ಅವರಿಗೆ ರೈತರು ಬೇಕಿತ್ತು. ನಮ್ಮಲ್ಲಿ ರೈತರಿರಲಿಲ್ಲ, ಆದರೆ ಸಮುದಾಯ ಭವನವಿತ್ತು. ಅಷ್ಟಕ್ಕೇ ಅವರು ತೃಪ್ತಿಪಟ್ಟರು.

ಊರಲ್ಲಿ ಇಂಗ್ಲಿಷ್ ಬರುವವರು ಯಾರು ಎಂದಾಗ ಎಲ್ಲರೂ ನನ್ನನ್ನು ತೋರಿಸಿದರು. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಅರ್ಧ ‘ಯೆಸ್ ಸಾರ್’, ಉಳಿದರ್ಧ ಮೆಷಿನ್ನಿನ ಭಾಗಗಳ ಹೆಸರು. ಕಂಪನಿಗೆ ಅಷ್ಟು ಸಾಲುತ್ತಿತ್ತು. ಕೊರಳಿಗೆ ‘ಕೋಆರ್ಡಿನೇಟರ್’ ಎಂದು ಬರೆದ ಕಾರ್ಡು ಹಾಕಿದರು. ಹಾಲು ತರಲು ಹೋಗುವಾಗಲೂ ನಾನು ಅದನ್ನು ಹಾಕಿಕೊಂಡು ಹೋಗುತ್ತಿದ್ದೆ.

ಮೊದಲ ಕಾರ್ಯಕ್ರಮದ ಚೀಟಿ ಇಂಗ್ಲಿಷಿನಲ್ಲಿ ಬಂತು. ಮಹಿಳೆಯರಿಗೆ ನರ್ಸರಿ ತರಬೇತಿ, ಭಾನುವಾರ ಹತ್ತು ಗಂಟೆಗೆ. ನಾನು ಎರಡು ಸಲ ಯೋಚಿಸಲಿಲ್ಲ. ಆ ತಿಂಗಳು ಊರೆಲ್ಲ ನರ್ಸರಿ ಸೀಟಿನದೇ ಮಾತು. ಆಟೋಗೆ ಮೈಕು ಕಟ್ಟಿ ಬೀದಿ ಬೀದಿ ಕೂಗಿಕೊಂಡು ಬಂದೆ: ‘ನರ್ಸರಿ! ಉಚಿತ ನರ್ಸರಿ! ತಾಯಂದಿರೇ, ತಪ್ಪದೆ ಬನ್ನಿ!’

ಭಾನುವಾರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಸ್ತ್ರಿ ಮಾಡಿದ ಫ್ರಾಕು ತೊಟ್ಟ ಹೆಣ್ಣುಮಕ್ಕಳು, ತಲೆಗೆ ಎಣ್ಣೆ ಹಚ್ಚಿಸಿಕೊಂಡ ಗಂಡುಮಕ್ಕಳು, ತಾಯಂದಿರ ಕೈಯಲ್ಲಿ ಜನನ ಪ್ರಮಾಣ ಪತ್ರದ ಜೆರಾಕ್ಸು. ಒಬ್ಬ ಅಜ್ಜಿ ಮೊಮ್ಮಗನಿಗೆ ಟಿಫನ್ ಬಾಕ್ಸು ಬೇರೆ ತಂದಿದ್ದಳು. ವೈಟ್‌ಫೀಲ್ಡಿನಿಂದ ಇಡೀ ನಗರ ದಾಟಿ ಕ್ಯಾಬಿನಲ್ಲಿ ಬಂದಿದ್ದ ಕಂಪನಿಯ ಮೇಡಂ, ಇನ್ನೂ ಚಿಕ್ಕ ವಯಸ್ಸಿನವರು, ಆ ಜನವನ್ನು ನೋಡಿ ಕಣ್ಣರಳಿಸಿದರು. “ಅಂಕಲ್, ಎಷ್ಟೊಂದ್ ಫ್ಯಾಮಿಲೀಸ್! ಮಕ್ಕಳನ್ನೂ ಕರ್ಕೊಂಡ್ ಬಂದಿದಾರೆ!” ಎಂದರು. ಮೊದಲು ಫೋಟೋ ಆಯಿತು. ಮಕ್ಕಳ ತಲೆಗೆಲ್ಲ ‘ನಾನು ಮಾದರಿ ರೈತ’ ಎಂಬ ಟೋಪಿ ಇಟ್ಟರು. ಆಮೇಲೆ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿತ್ತು. ಕಪ್ಪು ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಮೊಳಕೆ.

ಮುಂದಿನ ಸಾಲಿನ ಒಬ್ಬ ತಾಯಿ ಎದ್ದು ನಿಂತಳು. “ಮೇಡಂ, ಅಡ್ಮಿಷನ್ ಯಾವಾಗ?”

“ಅಡ್ಮಿಷನ್ ಎಲ್ಲಾ ಏನಿಲ್ಲ, ಯಾರ್ ಬೇಕಾದ್ರೂ ಜಾಯಿನ್ ಆಗ್ಬಹುದು.”

“ಯಾವ ಮೀಡಿಯಂ ಮೇಡಂ?”

“ಮೀಡಿಯಂ ಬಂದು ಕೋಕೋಪೀಟ್. ತೆಂಗಿನ ನಾರಿನ ಪುಡಿ.”

ಎಲ್ಲರೂ ನನ್ನ ಕೊರಳಿನ ಕಾರ್ಡು ನೋಡಿದರು. ಕೋಆರ್ಡಿನೇಟರ್ ಆದವನು ಏನಾದರೂ ಹೇಳಲೇಬೇಕಲ್ಲ. “ಅಂದ್ರೆ ಮಕ್ಕಳಿಗೆ ಕೂರಕ್ಕೆ ತೆಂಗಿನ ನಾರಿನ ಚಾಪೆ ಕೊಡ್ತಾರೆ ಕಣ್ರಮ್ಮ, ತಣ್ಣಗಿರ್ತದೆ” ಎಂದೆ.

ಆಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಮಾತಾಡಿದಳು. ನನ್ನದೇ ವಠಾರದ ಕೊನೆಯ ರೂಮಿನವಳು, ಸಿಂದಗಿ ಕಡೆಯವಳು. ಎರಕದ ಕಬ್ಬಿಣವನ್ನು ಉಜ್ಜಿ ನಯ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. “ಅಲ್ರೀ ಯಜಮಾನ್ರ, ನರ್ಸರಿ ಅಂದ್ರ ಇಲ್ಲಿ ಸಾಲಿ ಅಲ್ರಿ. ಸಸಿಮಡಿ. ಬೀಜ ಹಾಕಿ ಸಸಿ ಎಬ್ಬಸ್ತಾರಲ್ರಿ, ಅದು. ನಿಮ್ಮ ಕಡಿ ಏನಂತಾರೋ ಗೊತ್ತಿಲ್ಲ.”

ಟಿಫನ್ ಬಾಕ್ಸಿನ ಅಜ್ಜಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಒಟ್ಲು ಕಣವ್ವಾ! ನಾವು ಒಟ್ಲು ಅಂತೀವಿ!” ಅಷ್ಟಕ್ಕೇ ಬಿಡದೆ ನನ್ನ ಕಡೆ ತಿರುಗಿದಳು. “ಏನ್ಲಾ, ನಿಮ್ಮಪ್ಪ ಒಟ್ಲು ಆಕಿ ಪೈರು ಕಿತ್ತೂ ಕಿತ್ತೂ ಬೆನ್ನು ಬಗ್ಗಿಸ್ಕೊಂಡ. ನೀನು ಅದನ್ನ ಎಲ್‌ಕೆಜಿಗೆ ಸೇರ್ಸಕ್ಕೆ ಒಂಟಿದ್ಯಾ?”

ಭವನವೆಲ್ಲ ನಕ್ಕಿತು. ಮೇಡಂ ಕೂಡ ಫೋನು ಅಡ್ಡ ಹಿಡಿದು ನಕ್ಕರು. ಅಂದಿನಿಂದ ಟೀ ಅಂಗಡಿಯಲ್ಲಿ ನನಗೆ ಎಲ್‌ಕೆಜಿ ಮೇಷ್ಟ್ರು ಎಂದು ಹೆಸರಾಯಿತು. “ಬನ್ನಿ ಮೇಷ್ಟ್ರೇ, ಇವತ್ತು ರೈಮ್ಸ್ ಯಾವ್ದು?” ಎನ್ನುವರು. ನಕ್ಕವರು ಊರಿನವರು, ನೆಂಟರು; ಅವರ ಮೇಲೆ ಸಿಟ್ಟು ಮಾಡಿಕೊಂಡು ಬದುಕಲಾಗುವುದಿಲ್ಲ. ಸಿಟ್ಟನ್ನೆಲ್ಲ ನಾನು ನಗದೆ ನಿಂತಿದ್ದವಳ ಮೇಲೆ ಇಟ್ಟುಕೊಂಡೆ. ನನ್ನ ಬಾಡಿಗೆದಾರಳು, ನನ್ನ ಊರಲ್ಲಿ ನನ್ನನ್ನು ತಿದ್ದುವುದೇ?

ಮುಂದಿನ ಭಾನುವಾರ ತಾಯಂದಿರಲ್ಲಿ ಹತ್ತು ಹನ್ನೆರಡು ಮಂದಿ ಉಳಿದರು, ಅದೂ ಊಟದ ಪೊಟ್ಟಣ ಇದೆ ಎಂದು. ಕೃಷಿ ಪಾಠ ಹೇಳಲು ಬಂದ ಪರಿಣತರೊಬ್ಬರು ಮಣ್ಣು ಮುಟ್ಟಲು ಕೈಗವಸು ಹಾಕಿಕೊಂಡರು. ಅವರು ಗೋಡೆಯ ಮೇಲೆ ಒಂದೊಂದಾಗಿ ಚಿತ್ರ ಬದಲಿಸುತ್ತಿದ್ದರೆ ಹೆಂಗಸರು ಮೆಲ್ಲಗೆ ಹಿಂದೆ ಸರಿದು ಸಿಂದಗಿಯವಳ ಸುತ್ತ ಕೂರುತ್ತಿದ್ದರು. ಸೊಪ್ಪಿನ ಬೀಜ ಸಣ್ಣದು, ಒಂದೇ ಕಡೆ ಬೀಳಬಾರದು ಎಂದು ಅವಳು ಅದಕ್ಕೆ ಒಣ ಮರಳು ಬೆರೆಸಿ ಬೆರಳ ಸಂದಿಯಿಂದ ಉದುರಿಸಿ ತೋರಿಸುತ್ತಿದ್ದಳು.

“ಮ್ಯಾಲೆ ಎಷ್ಟು ಮಣ್ಣು ಹೊಚ್ಚಬೇಕಕ್ಕ?” ಎಂದು ಯಾರೋ ಅವಳ ಹಾಗೆಯೇ ಅಣಕಿಸಿ ಕೇಳಿದರು.

“ಬೀಜ ಎಷ್ಟು ದಪ್ಪ ಐತಿ, ಅಷ್ಟ. ಭಾಳ ಹೊಚ್ಚಿದ್ರ ನಿಮ್ಮ ಯಜಮಾನ್ರ ಗತೆ ಒಳಗ ಮಲಗೇ ಬಿಡ್ತೈತಿ.”

ಅಣಕಿಸಿದವಳೇ ಬಿದ್ದು ಬಿದ್ದು ನಕ್ಕಳು. ಪಾಠದ ನಡುವೆ ಸಿಂದಗಿಯವಳಿಗೆ ಕೆಮ್ಮು ಬರುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಮುಗಿಸಿ, ಮತ್ತೆ ಪಾಠ ಮುಂದುವರಿಸುವಳು.

ಎರಡು ತಿಂಗಳ ನಂತರ ಮೇಡಂ ಒಂದು ಸುದ್ದಿ ತಂದರು. ಊರಂಚಿನ ಒಂದು ಕಾರ್ಖಾನೆಯ ಕಾಂಪೌಂಡಿಗೆ ಅಂಟಿದ ಖಾಲಿ ಜಾಗದಲ್ಲಿ ನೆರಳುಪರದೆ ಕಟ್ಟಿ ಸಸಿಮಡಿ ಮಾಡುತ್ತಾರೆ. ಅದನ್ನು ನೋಡಿಕೊಂಡು, ಬಂದವರಿಗೆ ಹೇಳಿಕೊಡಲು ಒಬ್ಬ ಹೆಂಗಸನ್ನು ಸಂಬಳಕ್ಕೆ ಇಡುತ್ತಾರೆ. ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಂದು ಸಂಜೆ ಅವಳು ನಮ್ಮ ಮನೆ ಮೆಟ್ಟಿಲ ಹತ್ತಿರ ಬಂದಳು.

“ಯಜಮಾನ್ರ, ಧೂಳಿನ ಕೆಲಸ ಬಿಡು, ಇಲ್ಲಾಂದ್ರ ಪುಪ್ಪಸ ಉಳಿಯೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ಬಿಟ್ಟು ಏನ್ ಮಾಡ್ಲಿ ಅಂತಿದ್ದೆ. ಇದು ಸಿಕ್ರ ಬದಕ್ತೀನಿ. ನಾ ಇಲ್ಲೇ ಇರಾಕಿ ಅಂತ ನಿಮ್ಮ ಕಡಿಂದ ಒಂದ ಚೀಟಿ ಬೇಕಂತ್ರಿ.”

“ಚೀಟಿ ಯಾಕಮ್ಮ? ನಾನೇ ಬಾಯಲ್ಲಿ ಹೇಳ್ತೀನಿ ಮೇಡಂಗೆ” ಎಂದೆ.

ಅವಳು ಎರಡೂ ಕೈ ಜೋಡಿಸಿದಳು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ.

ಮರುದಿನ ಮೇಡಂ ಕೇಳಿದರು. “ಅಂಕಲ್, ಅವ್ರು ಬೆಸ್ಟ್. ಒಂದೇ ಡೌಟು. ಬಾಡಿಗೆ ಮನೆಯವ್ರಲ್ವಾ, ಮಧ್ಯದಲ್ಲಿ ಬಿಟ್ಟೋಗ್ಬಿಡಲ್ಲ ತಾನೇ?”

ಆರು ವರ್ಷ ಅದೇ ರೂಮಿನಲ್ಲಿ ಇದ್ದವಳು. ಹಬ್ಬಕ್ಕೆ ಊರಿಗೆ ಹೋದರೂ ನಾಲ್ಕನೇ ದಿನಕ್ಕೆ ವಾಪಸು ಬರುತ್ತಿದ್ದವಳು. ನಾನು ಕಾರ್ಡನ್ನು ಸರಿಪಡಿಸಿಕೊಂಡು ಹೇಳಿದೆ: “ನಿಲ್ಲಲ್ಲ ಮೇಡಂ. ದೀಪಾವಳಿಗೆ ರೂಮ್ ಖಾಲಿ ಮಾಡ್ತೀನಿ ಅಂದ್ಬಿಟ್ಟಿದಾರೆ. ಆ ಕಡೆಯವ್ರು ಹಂಗೇ, ಇವತ್ತು ಇಲ್ಲಿ, ನಾಳೆ ಅಲ್ಲಿ. ಲೋಕಲ್‌ನವ್ರನ್ನ ಇಟ್ಕೊಳ್ಳಿ. ನಮ್ಮ ಸೊಸೆ ಇದಾಳೆ, ಡಿಗ್ರಿ ಆಗಿದೆ.”

ಇಷ್ಟೇ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಒಂದು ನಗುವಿನ ಸೇಡು ತೀರಿಸಿಕೊಳ್ಳಲು ಹೇಳಿದ ನಾಲ್ಕು ಮಾತು. ಮೇಡಂ ನಂಬಿದರು. ಅವರಿಗೆ ಇಪ್ಪತ್ತು ಹೆಜ್ಜೆ ನಡೆದು ಅವಳನ್ನೇ ಕೇಳಬೇಕು ಎನಿಸಲಿಲ್ಲ. ಶಿಕ್ಷಣ ಕೊಡಲು ಅಷ್ಟು ದೂರದಿಂದ ಬರುವವರಿಗೆ ಆ ಇಪ್ಪತ್ತು ಹೆಜ್ಜೆ ಯಾವಾಗಲೂ ಹೆಚ್ಚಾಗುತ್ತದೆ.

ಆ ಕೆಲಸ ಸಿಕ್ಕಿದ ನನ್ನ ಸೊಸೆ ಫೋನಿನಲ್ಲಿ ಸೊಪ್ಪು ತರಿಸುವವಳು. ದಂಟಿಗೂ ಹರಿವೆಗೂ ವ್ಯತ್ಯಾಸ ಕೇಳಿದರೆ ರೇಟು ನೋಡಿ ಹೇಳುತ್ತಾಳೆ. ಅವಳ ತಪ್ಪಲ್ಲ, ಅವಳು ಬೇಡವೆಂದೇ ಹೇಳಿದ್ದಳು. ಟ್ರೇಗಳಲ್ಲಿ ಮೂರು ವಾರವಾದರೂ ಏನೂ ಏಳಲಿಲ್ಲ. ಉದ್ಘಾಟನೆಯ ಹಿಂದಿನ ದಿನ ನಾನೇ ಗೂಡ್ಸ್ ಆಟೋದಲ್ಲಿ ಹೋಗಿ, ಹೆದ್ದಾರಿ ಪಕ್ಕದ ಹೂಗಿಡದ ಅಂಗಡಿಯಿಂದ ಸಸಿ ತಂದು ಜೋಡಿಸಿದೆ. ಕಂಪನಿಯ ದೊಡ್ಡವರು ಬಂದು ಚೆಂಡು ಹೂವಿನ ಗಿಡವನ್ನು ಟೊಮೇಟೊ ಎಂದು ಹೊಗಳಿ ಹೋದರು. ನನಗೆ ಒಂದು ಶಾಲು, ಒಂದು ಪ್ರಶಸ್ತಿ ಪತ್ರ. ಆ ಪತ್ರದಲ್ಲಿ ನಾನು ಪ್ರಗತಿಪರ ರೈತ.

ಆ ಗದ್ದಲದಲ್ಲೇ ಮೇಡಂ ಸಿಂದಗಿಯವಳ ಕೈ ಕುಲುಕಿ, “ಊರಿಗೆ ಹೋಗ್ತಿದೀರಂತೆ, ಆಲ್ ದ ಬೆಸ್ಟ್ ಅಕ್ಕಾ” ಎಂದಿದ್ದಾರೆ. ಮರುದಿನ ಬೆಳಿಗ್ಗೆ ಅವಳು ಬಂದಳು. ನಾನು ಪೇಪರು ಓದುತ್ತಿದ್ದವನು ಅದನ್ನು ಇನ್ನೂ ಸ್ವಲ್ಪ ಮೇಲೆತ್ತಿದೆ.

“ಯಜಮಾನ್ರ, ನಾ ಊರಿಗೆ ಹೊಂಟೀನಂತ ನಿಮಗ ಯಾರ ಹೇಳಿದ್ರು?”

“ಯಾರೋ ಅಂದ್ರಮ್ಮ. ನೆನಪಿಲ್ಲ.”

“ಊರಾಗ ನನಗ ಏನೈತ್ರಿ ಹೋಗಾಕ? ಹೊಲ ಇಲ್ಲ, ಮನಿ ಇಲ್ಲ. ಇರೂದು ಇದ ರೂಮು.” ಅವಳ ದನಿ ಏರಲಿಲ್ಲ. “ನೀವು ಹಿರೇರು, ನೀವು ಹೇಳಿದ್ದು ಖರೆ ಅಂತ ಅವ್ರು ನಂಬ್ಯಾರ. ಸುಳ್ಳು ಮಾಡೂದು ಬ್ಯಾಡ ಬಿಡ್ರಿ.”

ದೀಪಾವಳಿಗೆ ಮೊದಲೇ ಅವಳು ರೂಮು ಖಾಲಿ ಮಾಡಿದಳು. ನೆಲ ಸಾರಿಸಿ, ಬೀಗದ ಕೈಯನ್ನು ನನ್ನ ಸೊಸೆಯ ಕೈಗೆ ಕೊಟ್ಟು ಹೋದಳಂತೆ. ನಾನು ಒಳಗೇ ಇದ್ದೆ. ಟಿವಿಯಲ್ಲಿ ಏನೋ ಬರುತ್ತಿತ್ತು.

ಕಂಪನಿಯ ಮೂರು ವರ್ಷದ ಯೋಜನೆ ಒಂದೇ ವರ್ಷಕ್ಕೆ ಇನ್ನೊಂದು ಊರಿಗೆ ಹೋಯಿತು. ಅಲ್ಲಿಯೂ ಸಮುದಾಯ ಭವನ ಇರಬೇಕು, ನನ್ನಂಥವನೂ ಒಬ್ಬ ಸಿಕ್ಕಿರಬೇಕು.

ಹೋದ ಬೇಸಿಗೆಯಲ್ಲಿ ಟಿ. ದಾಸರಹಳ್ಳಿಯ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಶಿಫ್ಟು ಬಿಟ್ಟ ಹೆಂಗಸರ ಗುಂಪಿನಲ್ಲಿದ್ದಳು. ಹುಬ್ಬಿನ ಮೇಲೆ, ಕಿವಿಯ ಸುರುಳಿಯಲ್ಲಿ ಅದೇ ಬೂದು ಬಣ್ಣದ ಕಬ್ಬಿಣದ ಧೂಳು. ಮೈ ಅರ್ಧಕ್ಕೆ ಇಳಿದಿತ್ತು. ಕೆಮ್ಮು ಬಂದಾಗ ಕಂಬ ಹಿಡಿದುಕೊಂಡಳು, ಪಕ್ಕದವಳು ಅವಳ ಬೆನ್ನು ನೀವಿದಳು. ನನಗೂ ಅವಳಿಗೂ ನಡುವೆ ಹತ್ತು ಹೆಜ್ಜೆ. ಬಸ್ಸು ಬಂತು. ಅದು ನನ್ನ ಬಸ್ಸಲ್ಲ, ಆದರೂ ಹತ್ತಿದೆ.

ಈ ಬರಹದ ಉದ್ದಕ್ಕೂ ಮೇಡಂ, ಕಂಪನಿ, ಪರಿಣತರು ಎಂದು ಎಲ್ಲರನ್ನೂ ಹೀಯಾಳಿಸಿದ್ದೇನೆ. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಆ ಸುಳ್ಳು ಹೇಳಿದ ಬಾಯಿ ನನ್ನದು, ಆ ಬಾಯಿ ಇಂದಿನವರೆಗೂ ತಪ್ಪಾಯಿತು ಎಂದಿಲ್ಲ. ಯಾರಿಗೆ ಎಂದಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯುತ್ತೇನೆ: ಆರು ವರ್ಷ ನನ್ನ ವಠಾರದ ಕೊನೆಯ ರೂಮಿನಲ್ಲಿದ್ದ, ಹೊಲವಿಲ್ಲದ, ಆದರೆ ಆ ಭವನದಲ್ಲಿ ಕೂತಿದ್ದವರಲ್ಲಿ ಒಬ್ಬಳೇ ರೈತಳಾಗಿದ್ದ ಸಿಂದಗಿ ಕಡೆಯ ಆ ಹೆಣ್ಣುಮಗಳಿಗೆ.